ಸಣ್ಣ ಕಾಲೇಜಿಗೆ ನೆಟ್‌ವರ್ಕ್: ದುಡ್ಡು ಹೊಂದಿಸಿದ್ದು, ಕೇಬಲ್ ಎಳೆದದ್ದು, ಬಾಕಿ ಉಳಿದದ್ದು

ಮುಖ್ಯ ಕಟ್ಟಡದ ಕೆಲಸ ಮುಗಿದಿದೆ. ಗ್ರಂಥಾಲಯದ ಕಟ್ಟಡಕ್ಕೆ ಫೈಬರ್ ಹೋಗಿದೆ, ಆದರೆ ಅಲ್ಲಿ ವೈ-ಫೈ ಇನ್ನೂ ಆಗಿಲ್ಲ. ಕಂಪ್ಯೂಟರ್‌ಗಳನ್ನು ಸರದಿಯಲ್ಲಿ ಬದಲಿಸಲು ಕೇಳಿದ ದುಡ್ಡು ಈ ವರ್ಷ ಅರ್ಧವಷ್ಟೇ ಸಿಕ್ಕಿದೆ. ಇಲ್ಲಿಯವರೆಗೆ ನಡೆದದ್ದನ್ನು ಬರೆದಿಡುತ್ತಿದ್ದೇನೆ. ಮುಂದೆ ಈ ಕೆಲಸ ಯಾರ ಕೈಗೆ ಹೋದರೂ ಬೇಕಾಗುತ್ತದೆ. ಬೇರೆ ಸಣ್ಣ ಕಾಲೇಜಿನವರಿಗೂ ಉಪಯೋಗಕ್ಕೆ ಬಂದೀತು.

ನಮ್ಮದು ಮೂರು ಅಂತಸ್ತಿನ ಕಟ್ಟಡ. ಎರಡು ಲ್ಯಾಬ್, ಒಂದು ಕಚೇರಿ, ಅಂಗಳದ ಆಚೆ ಗ್ರಂಥಾಲಯ. ಐಟಿ ನೋಡಿಕೊಳ್ಳಲು ಇರುವುದು ನಾನು ಮತ್ತು ಅರ್ಧ ಹೊತ್ತು ಬರುವ ಒಬ್ಬ ಸಹಾಯಕ. ಬೆಲೆಗಳನ್ನು ಬರೆದಿಲ್ಲ. ಅವು ವರ್ಷಕ್ಕೊಂದು ತರಹ, ಜಾಗಕ್ಕೊಂದು ತರಹ. ಅದರ ಬದಲು ಒಟ್ಟು ಖರ್ಚನ್ನು 100 ಅಂತ ಇಟ್ಟುಕೊಂಡು ಯಾವುದಕ್ಕೆ ಎಷ್ಟು ಪಾಲು ಹೋಯಿತು ಅಂತ ಹೇಳುತ್ತೇನೆ.

ಹಂತ 1: ಏನೇನು ಇದೆ ಅಂತ ಎಣಿಸಿದ್ದು

ಬೇಕಾದದ್ದು: ಉದ್ದನೆಯ ಅಳತೆ ಟೇಪು, ಟಾರ್ಚು, ಕೇಬಲ್ ಟೆಸ್ಟರ್, ಎರಡು ಲ್ಯಾಪ್‌ಟಾಪ್, ಸ್ಟಾಕ್ ರಿಜಿಸ್ಟರ್.

ರಿಜಿಸ್ಟರ್ ನಂಬಬೇಡಿ. ಅದರಲ್ಲಿದ್ದ ಎರಡು ಪ್ರಿಂಟರ್ ಎಲ್ಲೂ ಸಿಗಲಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ ಐದು ಸಣ್ಣ ನೆಟ್‌ವರ್ಕ್ ಸ್ವಿಚ್‌ಗಳು (ಹಲವು ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಲ್ಯಾಬಿನ ಬೆಂಚುಗಳ ಕೆಳಗೆ ಸಿಕ್ಕವು. ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸಿದ್ದರು. ಮೊದಲನೆಯದರ ಅಡಾಪ್ಟರ್ ಅಲ್ಲಾಡಿದರೆ ಅರ್ಧ ಲ್ಯಾಬ್ ಹೋಗುತ್ತಿತ್ತು.

ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಏನು, ಎಲ್ಲಿದೆ, ಕೊಂಡ ವರ್ಷ, ಯಾರು ಬಳಸುತ್ತಾರೆ, ಇದು ಕೆಟ್ಟರೆ ಯಾವ ಕೆಲಸ ನಿಲ್ಲುತ್ತದೆ. ಕೊನೆಯ ಕಾಲಮ್ ತುಂಬಿಸಲು ಬಹಳ ಹೊತ್ತು ಹಿಡಿಯಿತು. ಆಮೇಲೆ ದುಡ್ಡು ಕೇಳುವಾಗ ಕೆಲಸಕ್ಕೆ ಬಂದದ್ದು ಅದೇ.

ಎಲ್ಲರ ದೂರು ಒಂದೇ, ‘ಇಂಟರ್‌ನೆಟ್ ಸ್ಲೋ’. ಆಡಳಿತ ಮಂಡಳಿ ಆಗಲೇ ದೊಡ್ಡ ಪ್ಲಾನಿಗೆ ಬದಲಾಯಿಸುವ ಮಾತಾಡುತ್ತಿತ್ತು. ನಮ್ಮ ಹೊರಗಿನ ಲೈನ್ 300 ಎಂಬಿಪಿಎಸ್. ಅದಕ್ಕೆ ಕೈ ಹಾಕುವ ಮೊದಲು ಒಳಗಡೆ ಅಳೆದು ನೋಡೋಣ ಅಂದೆ. ರೂಟರ್ ಪಕ್ಕ ಒಂದು ಲ್ಯಾಪ್‌ಟಾಪ್, ಮೇಲಿನ ಲ್ಯಾಬಿನಲ್ಲಿ ಇನ್ನೊಂದು, ಎರಡರಲ್ಲೂ ವೇಗ ಅಳೆಯುವ ಐಪರ್ಫ್3. ಬಂದದ್ದು 94 ಎಂಬಿಪಿಎಸ್. ಮತ್ತೆ ಓಡಿಸಿದರೂ ಅದೇ 94.

ಈ ಅಂಕಿ ಕಂಡರೆ ಹುಡುಕಾಟ ಸುಲಭ. ಗಿಗಾಬಿಟ್ (1000 ಎಂಬಿಪಿಎಸ್) ಲಿಂಕ್ ಸರಿ ಇದ್ದರೆ ಸುಮಾರು 940 ಬರುತ್ತದೆ. 94 ಬಂದರೆ ಎಲ್ಲೋ ಒಂದು ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ ಅಂತ ಅರ್ಥ. ಗೋಡೆಯ ಸಾಕೆಟ್ ಬಿಚ್ಚಿದರೆ ಕಾರಣ ಕಾಣಿಸಿತು. ಯಾರೋ ಕೇಬಲ್ ಉಳಿಸಲು ಒಂದೇ ಕೇಬಲಿನ ನಾಲ್ಕು ಜೋಡಿ ತಂತಿಯನ್ನು ಎರಡು ಸಾಕೆಟ್‌ಗಳಿಗೆ ಎರಡೆರಡು ಜೋಡಿಯಾಗಿ ಹಂಚಿದ್ದರು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಇಡೀ ಲ್ಯಾಬು ಆ ಒಂದು ಲಿಂಕಿನ ಮೇಲೆ ನಡೆಯುತ್ತಿತ್ತು. ಹೊರಗಿನ ಲೈನನ್ನು ಮೂರು ಪಟ್ಟು ಮಾಡಿದ್ದರೂ ಲ್ಯಾಬಿನ ಹುಡುಗರಿಗೆ ಒಂದು ಚೂರೂ ಹೆಚ್ಚಿಗೆ ಸಿಗುತ್ತಿರಲಿಲ್ಲ.

ದೊಡ್ಡ ಪ್ಲಾನಿನ ಮಾತು ಅಲ್ಲಿಗೆ ನಿಂತಿತು.

ಹಂತ 2: ಮೊದಲ ಪ್ರಸ್ತಾವನೆ, ಅದು ವಾಪಸ್ ಬಂದದ್ದು

ಮೊದಲ ಪ್ರಸ್ತಾವನೆಯಲ್ಲಿ ಒಟ್ಟು ಮೊತ್ತದ 70 ಪಾಲು ಹೊಸ ಕಂಪ್ಯೂಟರಿಗೆ, 20 ‘ನೆಟ್‌ವರ್ಕ್’ ಅಂತ, 10 ಯುಪಿಎಸ್‌ಗೆ ಇತ್ತು. ಇಲಾಖೆಗಳು ಕೇಳಿದ್ದನ್ನೆಲ್ಲ ಕೂಡಿಸಿ ಒಂದು ದೊಡ್ಡ ಅಂಕಿ ಬರೆದು ಕಳಿಸಿದ್ದೆವು. ಲೆಕ್ಕಪತ್ರ ವಿಭಾಗದವರು ಕೇಳಿದ್ದು ಒಂದೇ ಪ್ರಶ್ನೆ: ‘ಇದು ಒಂದೇ ಸಲದ ಖರ್ಚಾ, ಇಲ್ಲ ವರ್ಷಾ ವರ್ಷಾ ಬರೋದಾ?’ ಪ್ರಸ್ತಾವನೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಫೈಲು ವಾಪಸ್ ಬಂತು. ನ್ಯಾಯವಾಗೇ ಬಂತು.

ಎರಡನೇ ಸಲ ಪ್ರತಿ ಸಾಮಾನಿಗೂ ಮೂರು ಅಂಕಿ ಬರೆದೆವು. ಈಗ ಎಷ್ಟು, ವರ್ಷಕ್ಕೆ ಎಷ್ಟು, ಯಾವ ವರ್ಷ ಬದಲಿಸಬೇಕು. ಆಯಸ್ಸಿಗೆ ಹೀಗೆ ಹಿಡಿದೆವು:

- ಗೋಡೆಯೊಳಗಿನ ಕೇಬಲ್, ಫೈಬರ್: 15 ವರ್ಷ ಅಥವಾ ಜಾಸ್ತಿ
- ಸ್ವಿಚ್: 7ರಿಂದ 10 ವರ್ಷ
- ಕಂಪ್ಯೂಟರ್, ವೈ-ಫೈ ಆಕ್ಸೆಸ್ ಪಾಯಿಂಟ್ (ವೈ-ಫೈ ಸಿಗ್ನಲ್ ಕೊಡುವ ಪೆಟ್ಟಿಗೆ): 5 ವರ್ಷ
- ಯುಪಿಎಸ್ ಬ್ಯಾಟರಿ: 3ರಿಂದ 4 ವರ್ಷ

ಆಮೇಲೆ ಬೆಲೆಯನ್ನು ಆಯಸ್ಸಿನಿಂದ ಭಾಗಿಸಿದೆವು. 100ರ ಕೇಬಲ್‌ಗೆ ವರ್ಷಕ್ಕೆ 7 ಕೂಡ ಬೀಳುವುದಿಲ್ಲ. 100ರ ಕಂಪ್ಯೂಟರಿಗೆ 20 ಬೀಳುತ್ತದೆ. ಬ್ಯಾಟರಿಗೆ 25 ಅಥವಾ ಅದಕ್ಕೂ ಮೇಲೆ. ಸಭೆಯಲ್ಲಿ ಈ ಒಂದು ಹಾಳೆ ಮಾಡಿದಷ್ಟು ಕೆಲಸ ಬೇರೆ ಯಾವ ವಿವರಣೆಯೂ ಮಾಡಲಿಲ್ಲ. ಕೇಬಲ್ ದುಬಾರಿ ಅನ್ನುತ್ತಿದ್ದವರೇ ಅದನ್ನು ಮೊದಲು ಮಾಡಿ ಅಂದರು.

ನಾಲ್ಕನೇ ಕಾಲಮ್ ಒಂದನ್ನು ಆಮೇಲೆ ಸೇರಿಸಿದೆವು. ‘ಬೇಡ ಅಂದರೆ ಏನಾಗುತ್ತದೆ?’ ಹೆದರಿಸುವ ಮಾತು ಬೇಡ, ನಡೆಯುವುದನ್ನು ಬರೆದರೆ ಸಾಕು. ಉದಾಹರಣೆಗೆ ವಿಂಡೋಸ್ 10ರ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಸುರಕ್ಷತೆಯ ಚಿಪ್) ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ನಮ್ಮ ಒಂದು ಲ್ಯಾಬಿನ ಯಂತ್ರಗಳೆಲ್ಲ ಅದಕ್ಕಿಂತ ಹಳೆಯವು. ಅವಕ್ಕೆ ಮೂರು ದಾರಿ ಬರೆದೆವು. ಬದಲಿಸುವುದು, ದುಡ್ಡು ಕೊಟ್ಟು ಅಪ್‌ಡೇಟ್ ಮುಂದುವರಿಸುವುದು, ಲಿನಕ್ಸ್ ಹಾಕುವುದು. ಯಾವುದನ್ನು ಆರಿಸಿದರೂ ಸರಿ, ಸುಮ್ನೆ ಬಿಡುವುದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ ಅಂತ ಬರೆದೆವು. ಪ್ರೋಗ್ರಾಮಿಂಗ್ ಲ್ಯಾಬ್ ಲಿನಕ್ಸ್‌ಗೆ ಹೋಯಿತು. ಲೆಕ್ಕಪತ್ರದ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಓಡದ ಕಾರಣ ಕಚೇರಿಗೆ ಹೊಸ ಯಂತ್ರ.

ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ ಅಡಗಿ ಕೂರುವುದು ಲೈಸೆನ್ಸ್. ಕ್ಲೌಡ್‌ನಿಂದ ನಡೆಸುವ ಕೆಲವು ವೈ-ಫೈ ಸಾಧನಗಳು ಲೈಸೆನ್ಸ್ ಮುಗಿದ ಮೇಲೆ ಕೆಲಸವನ್ನೇ ನಿಲ್ಲಿಸುತ್ತವೆ. ಇನ್ನು ಕೆಲವು ಓಡುತ್ತವೆ, ಸೆಟ್ಟಿಂಗ್ ಬದಲಿಸಲು ಬಿಡುವುದಿಲ್ಲ. ಹೆಚ್ಚಿನ ಫೈರ್‌ವಾಲ್‌ಗಳು (ಹೊರಗಿನಿಂದ ಬರುವ ಅಪಾಯ ತಡೆಯುವ ಸಾಧನ) ದಾರಿ ಬಿಡುತ್ತವೆ, ಹೊಸ ಅಪಾಯಗಳ ಪಟ್ಟಿ ಬರುವುದು ನಿಲ್ಲುತ್ತದೆ. ‘ಲೈಸೆನ್ಸ್ ಮುಗಿದ ಮರುದಿನ ಏನು ನಡೆಯುತ್ತದೆ, ಏನು ನಿಲ್ಲುತ್ತದೆ?’ ಅಂತ ಪ್ರತಿ ಮಾರಾಟಗಾರರಿಗೂ ಬರವಣಿಗೆಯಲ್ಲಿ ಕೇಳಿದೆವು. ಉತ್ತರ ಕೊಡದವರನ್ನು ಪಟ್ಟಿಯಿಂದ ತೆಗೆದೆವು.

ಹಂತ 3: ದುಡ್ಡು ಎಲ್ಲಿಂದ

ಮೂರು ಕಡೆಯಿಂದ ಬಂತು. ಕಾಲೇಜಿನ ವಾರ್ಷಿಕ ಬಜೆಟ್, ವಿದ್ಯಾರ್ಥಿಗಳು ಕಟ್ಟುವ ಲ್ಯಾಬ್ ಶುಲ್ಕ, ಹಳೆಯ ವಿದ್ಯಾರ್ಥಿಗಳ ಕೊಡುಗೆ. ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದೆವು. ಒಂದೇ ಸಲ ಬರುವ ದುಡ್ಡು ಒಂದೇ ಸಲ ಮಾಡುವ ಕೆಲಸಕ್ಕೆ, ಅಂದರೆ ಕೇಬಲ್, ಫೈಬರ್, ಸ್ವಿಚ್‌ಗಳನ್ನು ಕೂರಿಸುವ ರ‍್ಯಾಕ್, ಅರ್ತಿಂಗ್. ವರ್ಷಾ ವರ್ಷಾ ಬರುವ ದುಡ್ಡು ಸವೆಯುವ ವಸ್ತುಗಳಿಗೆ, ಅಂದರೆ ಕಂಪ್ಯೂಟರ್, ಬ್ಯಾಟರಿ, ಲೈಸೆನ್ಸ್. ಇದನ್ನು ಉಲ್ಟಾ ಮಾಡಿದ ಲ್ಯಾಬ್ ಹೇಗಿರುತ್ತದೆ ಅಂತ ನಮ್ಮಲ್ಲೇ ನೋಡಬಹುದಿತ್ತು. ಯಾವುದೋ ಅನುದಾನದಲ್ಲಿ ಒಂದೇ ದಿನ ಬಂದ ಯಂತ್ರಗಳು, ಎಲ್ಲವೂ ಒಟ್ಟಿಗೇ ಹಳತಾಗಿ ಕೂತಿದ್ದವು.

ಕೊಡುಗೆ ಕೊಡುವವರದು ಒಂದು ತೊಡಕು. ಕಂಪ್ಯೂಟರ್ ಕೊಡಲು ಜನ ಸಿಗುತ್ತಾರೆ, ಅದರ ಮೇಲೆ ಹೆಸರು ಅಂಟಿಸಬಹುದು. ಗೋಡೆಯೊಳಗಿನ ಕೇಬಲ್ ಮೇಲೆ ಯಾರ ಹೆಸರು ಅಂಟಿಸುವುದು? ಹಾಗಾಗಿ ಬಿಡಿ ಸಾಮಾನು ಕೇಳುವುದನ್ನೇ ಬಿಟ್ಟು, ‘ಒಂದು ಲ್ಯಾಬ್, ಐದು ವರ್ಷ’ ಅಂತ ಒಂದೇ ಪ್ಯಾಕೇಜ್ ಮಾಡಿದೆವು. ಹೆಸರು ಲ್ಯಾಬಿನ ಬಾಗಿಲಿಗೆ. ಒಳಗೆ ಕೇಬಲ್, ಸ್ವಿಚ್, ಯುಪಿಎಸ್, ಒಂದು ಸಲದ ಬ್ಯಾಟರಿ ಬದಲಾವಣೆ ಎಲ್ಲವೂ ಸೇರಿದೆ. ಈ ರೂಪದಲ್ಲಿ ಕೇಳಿದಾಗ ಒಪ್ಪಿಗೆ ಸಿಕ್ಕಿತು.

ಬಳಸಿದ ಕಂಪ್ಯೂಟರ್‌ಗಳನ್ನು ಕೊಡುಗೆಯಾಗಿ ತೆಗೆದುಕೊಂಡದ್ದು ಕೈ ಸುಟ್ಟ ಕೆಲಸ. ನಾಲ್ಕಾರು ಮಾಡೆಲ್, ನಾಲ್ಕಾರು ತರಹದ ಪವರ್ ಸಪ್ಲೈ. ಒಂದು ಕೆಟ್ಟರೆ ಇನ್ನೊಂದರ ಭಾಗ ಹೊಂದುವುದಿಲ್ಲ. ರ‍್ಯಾಮ್, ಎಸ್‌ಎಸ್‌ಡಿ ಹಾಕಿ ಓಡುವಂತೆ ಮಾಡಲು ಆದ ಖರ್ಚು ನೋಡಿದರೆ ಬಿಟ್ಟಿ ಅನ್ನುವ ಮಾತೇ ತಮಾಷೆ. ಈಗ ಷರತ್ತು ಹಾಕಿದ್ದೇವೆ. ಒಂದೇ ಮಾಡೆಲ್ ಆಗಿರಬೇಕು, ಅಪ್‌ಡೇಟ್ ಇನ್ನೂ ಬರುವ ಓಎಸ್ ಓಡಬೇಕು, ಹಾರ್ಡ್‌ಡಿಸ್ಕ್ ಅಳಿಸಿಯೇ ಕೊಡಬೇಕು. ಬೇಡ ಅನ್ನಲು ಮುಜುಗರ ಆಗುತ್ತದೆ, ಲಿಖಿತ ಷರತ್ತು ಇದ್ದರೆ ಆ ಮುಜುಗರ ಕಾಗದದ ಮೇಲೆ ಬೀಳುತ್ತದೆ.

ಇಡೀ ಕೆಲಸವನ್ನು ಭಾಗ ಮಾಡುವಾಗ ಒಂದು ಪರೀಕ್ಷೆ ಇಟ್ಟುಕೊಂಡೆವು. ಮುಂದಿನ ಭಾಗಕ್ಕೆ ದುಡ್ಡು ಬರದೇ ಹೋದರೂ ಈ ಭಾಗ ತಾನಾಗಿ ಕೆಲಸಕ್ಕೆ ಬರಬೇಕು. ‘ಈ ವರ್ಷ ಸ್ವಿಚ್ ಕೊಳ್ಳೋಣ, ಮುಂದಿನ ವರ್ಷ ಕೇಬಲ್’ ಅನ್ನುವ ಸಲಹೆ ಈ ಪರೀಕ್ಷೆಯಲ್ಲಿ ಬಿದ್ದುಹೋಯಿತು.

ಕೊನೆಗೆ ಒಪ್ಪಿಗೆಯಾದ ಹಂಚಿಕೆ ಹೀಗಿತ್ತು. ಕೇಬಲ್, ರ‍್ಯಾಕ್, ಫೈಬರ್ 27. ಸ್ವಿಚ್ ಮತ್ತು ಫೈರ್‌ವಾಲ್ 20. ಕಂಪ್ಯೂಟರ್ 18. ವಿದ್ಯುತ್, ಅರ್ತಿಂಗ್, ಯುಪಿಎಸ್ 15. ವೈ-ಫೈ 12. ಎದುರಾಗುವ ಖರ್ಚಿಗೆ 8. ಈ 8ನ್ನು ಕಡಿತ ಮಾಡಲು ಬಹಳ ಒತ್ತಾಯ ಇತ್ತು. ಬಿಟ್ಟುಕೊಡಲಿಲ್ಲ. ಪೂರ್ತಿ ಖರ್ಚಾಯಿತು.

ಹಂತ 4: ಕೊಟೇಶನ್

ಮೊದಲ ಸುತ್ತಿನ ಕೊಟೇಶನ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಆಗಲೇ ಇಲ್ಲ. ಒಬ್ಬರು ಮೀಟರ್ ಲೆಕ್ಕ, ಇನ್ನೊಬ್ಬರು ಪಾಯಿಂಟ್ ಲೆಕ್ಕ, ಅಂದರೆ ಗೋಡೆಯ ಒಂದೊಂದು ಸಾಕೆಟ್‌ಗೆ ಇಷ್ಟು ಅಂತ. ಒಬ್ಬರಲ್ಲಿ ಪ್ಯಾಚ್ ಪ್ಯಾನಲ್ (ಗೋಡೆಯ ಕೇಬಲ್‌ಗಳೆಲ್ಲ ಬಂದು ಸೇರುವ ಫಲಕ) ಸೇರಿದೆ, ಇನ್ನೊಬ್ಬರಲ್ಲಿ ಇಲ್ಲ. ಎಲ್ಲವನ್ನೂ ರದ್ದು ಮಾಡಿ ನಾವೇ ಖಾಲಿ ಪಟ್ಟಿ ಕೊಟ್ಟು ಅದನ್ನೇ ತುಂಬಿ ಕೊಡಿ ಅಂದೆವು.

ಪಟ್ಟಿಯಲ್ಲಿ ಸೇರಿಸಿದ ಸಾಲುಗಳಲ್ಲಿ ದುಡ್ಡು ಉಳಿಸಿದವು ಇವು. ಕ್ಯಾಟ್ 6 (ಗಿಗಾಬಿಟ್ ವೇಗಕ್ಕೆ ಸಾಕಾಗುವ ದರ್ಜೆಯ) ಕೇಬಲ್, ತಂತಿ ಪೂರ್ತಿ ತಾಮ್ರದ್ದೇ ಆಗಿರಬೇಕು. ಎರಡೂ ತುದಿಗೆ ಲೇಬಲ್. ಪ್ರತಿ ಪಾಯಿಂಟ್‌ಗೂ ಟೆಸ್ಟ್ ರಿಪೋರ್ಟ್. ರಿಪೋರ್ಟ್ ಕೈಗೆ ಬರುವವರೆಗೆ 10 ಪಾಲು ದುಡ್ಡು ತಡೆಹಿಡಿಯುವುದು.

ಪೂರ್ತಿ ತಾಮ್ರ ಅಂತ ಯಾಕೆ ಬರೆಯಬೇಕು? ಅಲ್ಯುಮಿನಿಯಂ ತಂತಿಗೆ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಡಬ್ಬದ ಮೇಲೆ ಕ್ಯಾಟ್ 6 ಅಂತಲೇ ಅಚ್ಚಾಗಿರುತ್ತದೆ. ಅದು ಕ್ಯಾಟ್ 6 ಮಾನದಂಡಕ್ಕೆ ಒಪ್ಪುವುದಿಲ್ಲ. ರೆಸಿಸ್ಟೆನ್ಸ್ ಜಾಸ್ತಿ. ಅದೇ ಕೇಬಲಿನಲ್ಲಿ ಪಿಒಇ (ಡೇಟಾ ಕೇಬಲಿನಲ್ಲೇ ಸಾಧನಕ್ಕೆ ವಿದ್ಯುತ್ ಕೊಡುವ ವಿಧಾನ) ಕರೆಂಟ್ ಹರಿಸಿದರೆ ಬಿಸಿಯಾಗುತ್ತದೆ. ಬಗ್ಗಿಸಿದ ಕಡೆ ತುಂಡಾಗುತ್ತದೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕಳಿಸಿ. ನಮಗೆ ಬಂದ ಮೊದಲ ಡಬ್ಬ ಹಾಗೇ ವಾಪಸ್ ಹೋಯಿತು.

ಹಂತ 5: ಮೊದಲು ಕರೆಂಟು

ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ನಾವು ಮೊದಲು ಮಾಡಿದೆವು. ಎಲೆಕ್ಟ್ರಿಷಿಯನ್ ಅರ್ತಿಂಗ್ ಅಳೆದು ಸರಿ ಮಾಡಿದರು, ರ‍್ಯಾಕ್‌ಗೆ ಬೇರೆಯೇ ಎಂಸಿಬಿ ಕೊಟ್ಟರು. ಆಮೇಲೆ ಯುಪಿಎಸ್.

ಯುಪಿಎಸ್ ಡಬ್ಬದ ಮೇಲೆ ದೊಡ್ಡದಾಗಿ ಇರುವುದು ವಿಎ, ವಾಟ್ ಅಲ್ಲ. 1000 ವಿಎ ಯುಪಿಎಸ್‌ನ ಪವರ್ ಫ್ಯಾಕ್ಟರ್ 0.6 ಆದರೆ ಅದು ಹೊರುವುದು 600 ವಾಟ್ ಅಷ್ಟೇ. ನಾವು ಲೋಡ್ ಕೂಡಿಸುವಾಗ ಪಿಒಇ ಸ್ವಿಚ್ ಹೊರಗೆ ಕೊಡುವ ಕರೆಂಟನ್ನೂ ಸೇರಿಸಿದೆವು. ಆಕ್ಸೆಸ್ ಪಾಯಿಂಟ್‌ಗಳು ತಿನ್ನುವುದೂ ಅದೇ ಯುಪಿಎಸ್‌ನಿಂದ ತಾನೇ.

ಹಳೆಯ ಯುಪಿಎಸ್ ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿತ್ತು. ಬ್ಯಾಟರಿಗಳು ಊದಿಕೊಂಡಿದ್ದವು. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸನ್ನು 25 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹತ್ತಿರ ಹತ್ತಿರ ಅರ್ಧವಾಗುತ್ತದೆ. ಗಾಳಿಯಾಡುವ ಕೋಣೆಗೆ ಸ್ಥಳಾಂತರಿಸಿದೆವು. ಬ್ಯಾಟರಿ ಹಾಕಿದ ತಾರೀಖನ್ನು ಮಾರ್ಕರ್‌ನಿಂದ ಅದರ ಮೇಲೇ ಬರೆದೆವು.

ಹಂತ 6: ಕೇಬಲ್

ಜಾಸ್ತಿ ಹೊತ್ತು, ಜಾಸ್ತಿ ಧೂಳು, ಜಾಸ್ತಿ ತಲೆನೋವು ಇಲ್ಲೇ.

ತಾಮ್ರದ ಕೇಬಲಿಗೆ ಮಿತಿ 100 ಮೀಟರ್. ಅದರಲ್ಲಿ ಗೋಡೆಯೊಳಗೆ 90, ಎರಡೂ ಕಡೆ ಪ್ಯಾಚ್ ಕಾರ್ಡ್‌ಗೆ (ಸಾಕೆಟ್‌ನಿಂದ ಸಾಧನಕ್ಕೆ ಹಾಕುವ ತುಂಡು ಕೇಬಲ್) ಸೇರಿ 10. ರ‍್ಯಾಕನ್ನು ನೆಲಮಹಡಿಯ ಕಚೇರಿ ಮೂಲೆಯಲ್ಲಿ ಇಡುವ ಯೋಚನೆ ಇತ್ತು. ಟೇಪು ಹಿಡಿದು ಕೇಬಲ್ ಹೋಗುವ ದಾರಿಯಲ್ಲೇ ಅಳೆದರೆ ಮೇಲಿನ ದೂರದ ಲ್ಯಾಬಿಗೆ 104 ಮೀಟರ್ ಬಂತು. ನಕ್ಷೆಯಲ್ಲಿ ನೋಡಿದರೆ 60 ಅನ್ನಿಸುತ್ತದೆ. ಗೋಡೆ ಹತ್ತುವುದು, ಇಳಿಯುವುದು, ಬೀಮ್ ಸುತ್ತುವುದು ನಕ್ಷೆಯಲ್ಲಿ ಇರುವುದಿಲ್ಲ ಅಲ್ವಾ? ರ‍್ಯಾಕನ್ನು ನಡುವಿನ ಮಹಡಿಯ ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ ತಂದೆವು. ಅಲ್ಲಿಂದ ಅತಿ ದೂರದ ಪಾಯಿಂಟ್ 68 ಮೀಟರ್.

ಎಳೆಯುವಾಗ ಪಾಲಿಸಿದ್ದು: ಕರೆಂಟಿನ ವೈರ್ ಇರುವ ಪೈಪಿನಲ್ಲಿ ಹಾಕಬಾರದು, ದಾಟಲೇಬೇಕಾದರೆ ನೇರ ಅಡ್ಡವಾಗಿ ದಾಟಬೇಕು. ಕೇಬಲಿನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬಾರದು. ಕೇಬಲ್ ಟೈ ಬಿಗಿಯಬಾರದು, ವೆಲ್ಕ್ರೋ ಪಟ್ಟಿ ಒಳ್ಳೆಯದು. ಪ್ರತಿ ಪೈಪಿನಲ್ಲೂ ಮುಂದಿನ ಸಲಕ್ಕೆ ಒಂದು ನೈಲಾನ್ ದಾರ ಬಿಡಬೇಕು. ಪ್ರತಿ ಆಕ್ಸೆಸ್ ಪಾಯಿಂಟ್ ಜಾಗಕ್ಕೂ ಎರಡು ಕೇಬಲ್ ಎಳೆಯಬೇಕು. ಕೇಬಲ್ ಬೆಲೆಗಿಂತ ಎಳೆಯುವ ಕೂಲಿಯೇ ದೊಡ್ಡದು, ಜೊತೆಗೆ ಎರಡನೆಯದನ್ನು ಎಳೆಯಲು ಬೇರೆ ಕೂಲಿ ಇಲ್ಲ.

ಹಳೆಯ ಪೈಪುಗಳನ್ನೇ ಬಳಸುವ ಲೆಕ್ಕ ತಲೆಕೆಳಗಾಯಿತು. ಒಂದು ಬೆಂಡಿನಲ್ಲಿ ಸಿಮೆಂಟ್ ಇಳಿದು ಗಟ್ಟಿಯಾಗಿತ್ತು. ಎಳೆದರೆ ಬರುವುದಿಲ್ಲ. ಇನ್ನೂ ಜೋರಾಗಿ ಎಳೆಯೋಣ ಅಂದವರನ್ನು ತಡೆದೆ. ಈ ಕೇಬಲಿಗೆ ಎಳೆತದ ಮಿತಿ 110 ನ್ಯೂಟನ್, ಅಂದರೆ ಸುಮಾರು 11 ಕೆಜಿ ತೂಕ ನೇತುಹಾಕಿದಷ್ಟು. ಮೀರಿದರೆ ಒಳಗಿನ ಜೋಡಿ ತಂತಿಗಳ ಹೊಸೆತ ಸಡಿಲವಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕಾರಿಡಾರಿನ ಉದ್ದಕ್ಕೂ ಹೊಸ ಟ್ರೇ ಹಾಕಿಸಬೇಕಾಯಿತು. ಎದುರಾಗುವ ಖರ್ಚಿನ 8ರಲ್ಲಿ ದೊಡ್ಡ ತುಂಡು ಹೋದದ್ದು ಇದಕ್ಕೇ.

ಇನ್ನು ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಾಡಿದ ದೋಷ. ಲ್ಯಾಬಿನ ಒಂದು ಸಾಲಿನ ಪಾಯಿಂಟ್‌ಗಳಲ್ಲಿ ಲಿಂಕ್ ಬರುತ್ತಿತ್ತು, ಆಮೇಲೆ ಬಿದ್ದುಹೋಗುತ್ತಿತ್ತು. ದೊಡ್ಡ ಫೈಲ್ ಕಾಪಿ ಮಾಡಿದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಟೆಸ್ಟರ್ ಹಾಕಿದರೆ 1ರಿಂದ 8ರವರೆಗೆ ದೀಪಗಳು ಸರದಿಯಲ್ಲಿ ಸರಿಯಾಗಿ ಹೊತ್ತಿಕೊಳ್ಳುತ್ತವೆ. ಕೇಬಲ್ ಸರಿ ಇದೆ ಅಂತ ನೆಟ್‌ವರ್ಕ್ ಕಾರ್ಡ್ ಬದಲಿಸಿ ನೋಡಿದೆವು, ಸ್ವಿಚ್ ಪೋರ್ಟ್ ಬದಲಿಸಿದೆವು, ಡ್ರೈವರ್ ಬದಲಿಸಿದೆವು. ಏನೂ ಆಗಲಿಲ್ಲ.

ಕೊನೆಗೆ ಸ್ವಿಚ್‌ನ ಪೋರ್ಟ್ ಲೆಕ್ಕ ತೆಗೆದು ನೋಡಿದರೆ ಆ ಪೋರ್ಟ್‌ಗಳಲ್ಲಿ ಮಾತ್ರ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಹೋದ ಡೇಟಾದ ಲೆಕ್ಕ) ಏರುತ್ತಲೇ ಇತ್ತು. ಸಾಕೆಟ್ ಬಿಚ್ಚಿದೆವು. ಆ ಸಾಲನ್ನು ಕೂರಿಸಿದ ಕೆಲಸಗಾರ ಜೋಡಿಗಳನ್ನು 1-2, 3-4, 5-6, 7-8 ಅಂತ ಸಾಲಾಗಿ ಹಾಕಿದ್ದ. ಎರಡೂ ತುದಿಯಲ್ಲಿ ಅದೇ ಕ್ರಮ. ಅದಕ್ಕೇ ಟೆಸ್ಟರ್‌ಗೆ ತಪ್ಪೇ ಕಾಣಿಸಲಿಲ್ಲ. ನಿಜವಾಗಿ 3 ಮತ್ತು 6 ಒಂದು ಜೋಡಿ ಆಗಬೇಕು, 4 ಮತ್ತು 5 ಇನ್ನೊಂದು. ಜೋಡಿ ಒಡೆದರೆ ಹೊಸೆತದ ಉಪಯೋಗವೇ ಹೋಗುತ್ತದೆ, ಒಂದರ ಸದ್ದು ಇನ್ನೊಂದಕ್ಕೆ ಹಾಯುತ್ತದೆ. ಸಣ್ಣ ಉದ್ದದಲ್ಲಿ ಹೇಗೋ ನಡೆದುಬಿಡುತ್ತದೆ, 50–60 ಮೀಟರಿನಲ್ಲಿ ನಡೆಯುವುದಿಲ್ಲ.

ಎಲ್ಲವನ್ನೂ 568ಬಿ ಅನ್ನುವ ಮಾನದಂಡದ ಬಣ್ಣದ ಕ್ರಮದಲ್ಲಿ ಮತ್ತೆ ಪಂಚ್ ಮಾಡಿದೆವು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊಸೆತ ಬಿಚ್ಚುವುದು 13 ಮಿಮೀ ಮೀರದಂತೆ. ಎರರ್ ನಿಂತಿತು. ದೀಪದ ಟೆಸ್ಟರ್ ಹೇಳುವುದು ತಂತಿ ತುಂಡಾಗಿಲ್ಲ ಅಂತ ಮಾತ್ರ. ಒಪ್ಪಂದದಲ್ಲಿ ಟೆಸ್ಟ್ ರಿಪೋರ್ಟ್ ಅಂತ ಬರೆಯುವಾಗ ಯಾವ ತರಹದ ಟೆಸ್ಟ್ ಅಂತಲೂ ಬರೆಯಿರಿ. ನಮ್ಮ ಮೊದಲ ರಿಪೋರ್ಟಿನಲ್ಲಿ ಈ ಪಾಯಿಂಟ್‌ಗಳೆಲ್ಲ ಪಾಸ್ ಆಗಿದ್ದವು.

ಹಂತ 7: ಅಂಗಳ ದಾಟಿ ಫೈಬರ್

ಮೊದಲು ಇದ್ದದ್ದು ಎರಡು ಕಟ್ಟಡಗಳ ನಡುವೆ ನೇತಾಡುವ ತಾಮ್ರದ ಕೇಬಲ್. ಸಿಡಿಲು ಬಂದಾಗ ಎರಡೂ ಕಡೆಯ ಪೋರ್ಟ್ ಸುಡುತ್ತಿತ್ತು. ಎರಡು ಕಟ್ಟಡಗಳ ಅರ್ತಿಂಗ್ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಆ ವ್ಯತ್ಯಾಸ ತಾಮ್ರದ ಮೂಲಕ ಹರಿಯುತ್ತದೆ. ಫೈಬರ್‌ನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಲೋಹದ ಕವಚ ಇಲ್ಲದ ಫೈಬರ್ ಆರಿಸಿದರೆ ಕೆಲಸ ಪೂರ್ತಿ.

ಫೈಬರ್‌ನಲ್ಲಿ ದೂರಕ್ಕೆ ಬಳಸುವ ಸಿಂಗಲ್ ಮೋಡ್, ಹತ್ತಿರಕ್ಕೆ ಬಳಸುವ ಮಲ್ಟಿಮೋಡ್ ಅಂತ ಎರಡು ತರಹ. ಸಿಂಗಲ್ ಮೋಡ್ ಹಾಕಿದೆವು. ಇಷ್ಟು ಹತ್ತಿರಕ್ಕೆ ಮಲ್ಟಿಮೋಡ್ ಸಾಕು ಅನ್ನುವ ವಾದ ಇತ್ತು. ಆದರೆ ಮುಂದೆ ವೇಗ ಹೆಚ್ಚಿಸಲು ಸಿಂಗಲ್ ಮೋಡ್‌ನಲ್ಲಿ ಎರಡು ತುದಿಯ ಮಾಡ್ಯೂಲ್ ಬದಲಿಸಿದರೆ ಆಯಿತು, ನೆಲ ಅಗೆಯಬೇಕಿಲ್ಲ. ಬೇಕಾದದ್ದು 2 ಎಳೆ, ಹಾಕಿದ್ದು 12 ಎಳೆಯ ಕೇಬಲ್. ಅಗೆಯುವ ಖರ್ಚು ಎರಡಕ್ಕೂ ಒಂದೇ.

ಮೊದಲ ದಿನ ಲಿಂಕ್ ಬರಲಿಲ್ಲ. ಒಂದು ಕಡೆ ಎರಡು ಎಳೆ ಅದಲುಬದಲು ಮಾಡಿದ ತಕ್ಷಣ ಬಂತು. ಕಳಿಸುವುದಕ್ಕೆ ಕಳಿಸುವುದೇ ಎದುರಾಗಿತ್ತು.

ಹಂತ 8: ಸ್ವಿಚ್, ವಿಲ್ಯಾನ್

ಹಳೆಯದರಲ್ಲಿ ಇಡೀ ಕಾಲೇಜು ಒಂದೇ ನೆಟ್‌ವರ್ಕ್. ಐಪಿ ವಿಳಾಸ ಒಟ್ಟು 254. ಬೆಳಿಗ್ಗೆ ವಿದ್ಯಾರ್ಥಿಗಳ ಫೋನ್‌ಗಳು ಬಂದು ಎಲ್ಲ ವಿಳಾಸ ಹಿಡಿದುಕೊಂಡರೆ ಕಚೇರಿಯ ಕಂಪ್ಯೂಟರಿಗೆ ಸಿಗುತ್ತಿರಲಿಲ್ಲ. ನಮ್ಮ ವಿಂಡೋಸ್ ಸರ್ವರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಮೊದಲಿನಿಂದ ಬಂದ 8 ದಿನದ ಲೀಸ್‌ನಲ್ಲೇ (ವಿಳಾಸ ಇಟ್ಟುಕೊಳ್ಳುವ ಅವಧಿ) ಇತ್ತು. ಅಂದರೆ ಒಮ್ಮೆ ಗೇಟಿನೊಳಗೆ ಬಂದು ಹೋದ ಫೋನೂ ವಾರವಿಡೀ ಒಂದು ವಿಳಾಸ ಹಿಡಿದಿಟ್ಟುಕೊಳ್ಳುತ್ತಿತ್ತು.

ಈಗ ಕಚೇರಿ, ಲ್ಯಾಬ್, ಗ್ರಂಥಾಲಯ, ವಿದ್ಯಾರ್ಥಿ ವೈ-ಫೈ, ಕ್ಯಾಮೆರಾ, ಸ್ವಿಚ್‌ಗಳ ನಿರ್ವಹಣೆ, ಹೀಗೆ ಬೇರೆ ಬೇರೆ ವಿಲ್ಯಾನ್, ಅಂದರೆ ಅದೇ ಸ್ವಿಚ್‌ಗಳ ಮೇಲೆ ಪ್ರತ್ಯೇಕ ಮಾಡಿದ ನೆಟ್‌ವರ್ಕ್. ವಿದ್ಯಾರ್ಥಿ ವೈ-ಫೈಗೆ 1022 ವಿಳಾಸ, ಲೀಸ್ 2 ಗಂಟೆ. ಕಚೇರಿಯ ವಿಲ್ಯಾನ್‌ಗೆ ಬೇರೆ ಯಾವುದರಿಂದಲೂ ದಾರಿ ಇಲ್ಲ.

ಮೊದಲ ವಾರದಲ್ಲೇ ಇಡೀ ಕಟ್ಟಡದ ನೆಟ್‌ವರ್ಕ್ ಬಿದ್ದುಹೋಯಿತು. ಯಾರೋ ಬಿದ್ದಿದ್ದ ಒಂದು ಪ್ಯಾಚ್ ಕಾರ್ಡಿನ ಎರಡೂ ತುದಿಯನ್ನು ಗೋಡೆಯ ಎರಡು ಸಾಕೆಟ್‌ಗೆ ಚುಚ್ಚಿಟ್ಟಿದ್ದರು, ಪಾಪ, ನೀಟಾಗಿ ಇರಲಿ ಅಂತ. ಲೂಪ್ ಆಯಿತು, ಅಂದರೆ ಡೇಟಾ ಸುತ್ತಿ ಸುತ್ತಿ ಅಲ್ಲೇ ತಿರುಗತೊಡಗಿತು. ಸ್ವಿಚ್‌ನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ, ಬಿಪಿಡಿಯು ಗಾರ್ಡ್ ಎರಡನ್ನೂ ಎಲ್ಲ ಬಳಕೆದಾರರ ಪೋರ್ಟ್‌ಗಳಲ್ಲೂ ಆನ್ ಮಾಡಿದೆವು. ಜೊತೆಗೆ ಡಿಎಚ್‌ಸಿಪಿ ಸ್ನೂಪಿಂಗ್, ಬೇರೆ ಸಾಧನ ವಿಳಾಸ ಹಂಚುವುದನ್ನು ತಡೆಯಲು. ಮನೆಯ ರೂಟರ್ ತಂದು ಸಿಕ್ಕಿಸುವವರು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ, ಆ ರೂಟರ್ ತಾನೇ ವಿಳಾಸ ಹಂಚಲು ಶುರು ಮಾಡುತ್ತದೆ. ಕೊಳ್ಳುವಾಗ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ ಯಾಕೆ, ಸಾದಾ ಸಾಕಲ್ಲ ಅಂತ ಕೇಳಿದವರಿಗೆ ಈ ಘಟನೆಯೇ ಉತ್ತರವಾಯಿತು.

ಪಿಒಇ ಬಗ್ಗೆ ಒಂದು ಲೆಕ್ಕ. 24 ಪೋರ್ಟ್, 370 ವಾಟ್ ಅಂತ ಬರೆದ ಸ್ವಿಚ್ ಪ್ರತಿ ಪೋರ್ಟಿಗೂ 30 ವಾಟ್ ಕೊಡಲಾರದು, ಅದಕ್ಕೆ 720 ಬೇಕು. ಎಲ್ಲ ಪೋರ್ಟೂ ತುಂಬಿದರೆ ತಲಾ 15.4 ವಾಟ್ ಸಿಗುತ್ತದೆ. ನಮಗೆ ಅಷ್ಟು ಸಾಕು.

ಹಂತ 9: ವೈ-ಫೈ

ಆಕ್ಸೆಸ್ ಪಾಯಿಂಟ್‌ಗಳ ಮೊದಲ ಜೋಡಣೆ ಕಾರಿಡಾರಿನಲ್ಲಿ. ಕೇಬಲ್ ಟ್ರೇ ಅಲ್ಲೇ ಇತ್ತು, ಸುಲಭ ಆಯಿತು. ಫೋನಿನಲ್ಲಿ ಸಿಗ್ನಲ್ ಗೆರೆ ಪೂರ್ತಿ. ಆದರೆ ಪಾಠದ ಹೊತ್ತಿಗೆ ಪುಟ ತೆರೆಯುವುದಿಲ್ಲ. ಕಾರಿಡಾರಿನಲ್ಲಿ ಅಡ್ಡ ಗೋಡೆ ಇಲ್ಲದ ಕಾರಣ ಎಲ್ಲ ಆಕ್ಸೆಸ್ ಪಾಯಿಂಟ್‌ಗಳೂ ಒಂದರ ಮಾತು ಒಂದು ಕೇಳಿಸಿಕೊಂಡು ಸರದಿಗೆ ಕಾಯುತ್ತಿದ್ದವು. ಕೋಣೆಯೊಳಗಿನ ಫೋನ್‌ಗೆ ಮಾತ್ರ ಗೋಡೆ ಅಡ್ಡ.

ಕೋಣೆಗಳ ಒಳಗೆ ಸ್ಥಳಾಂತರಿಸಿದೆವು. ಗೋಡೆಯೇ ಈಗ ಉಪಕಾರ ಮಾಡುತ್ತದೆ, ಪಕ್ಕದ ಕೋಣೆಯ ಸದ್ದು ತಡೆಯುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಚಾನೆಲ್ ಮಾತ್ರ. ಒಂದು ಬಿಟ್ಟು ಒಂದು ಕೋಣೆಯಲ್ಲಿ 2.4 ಪೂರ್ತಿ ಆಫ್. 5 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಅಗಲ. ಪವರ್ ಕಡಿಮೆ. ಪವರ್ ಕಡಿಮೆ ಮಾಡಿದ್ದಕ್ಕೆ ಜಗಳ ಆಯಿತು, ಅಳೆದು ತೋರಿಸಿದ ಮೇಲೆ ನಿಂತಿತು.

ಆಕ್ಸೆಸ್ ಪಾಯಿಂಟ್ ಎಷ್ಟು ಬೇಕು ಅನ್ನುವುದನ್ನು ಚದರ ಅಡಿಯ ಮೇಲೆ ಲೆಕ್ಕ ಹಾಕಬೇಡಿ. ಒಂದು ಕೋಣೆಯಲ್ಲಿ ಒಟ್ಟಿಗೆ ಎಷ್ಟು ಜನ ಬಳಸುತ್ತಾರೆ ಅಂತ ನೋಡಿ. ಒಂದಕ್ಕೆ ಸುಮಾರು 30 ಜನ ಅಂತ ಹಿಡಿದಲ್ಲಿ ನಮಗೆ ತೊಂದರೆ ಆಗಿಲ್ಲ. ಖಾಲಿ ಕೋಣೆಯಲ್ಲಿ ಪರೀಕ್ಷೆ ಮಾಡಿ ಸಹಿ ಹಾಕಬೇಡಿ.

ಹಂತ 10: ಕಂಪ್ಯೂಟರ್, ಬ್ಯಾಕಪ್

ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ, ರ‍್ಯಾಮ್ 8 ಜಿಬಿ. ಹೊಸ ಯಂತ್ರದ ಬೆಲೆಯ ಸಣ್ಣ ಪಾಲಿನಲ್ಲಿ ಹಳೆಯ ಲ್ಯಾಬ್ ಇನ್ನೂ ಕೆಲವು ವರ್ಷ ಓಡುತ್ತದೆ. ಹೊಸದನ್ನು ವರ್ಷಕ್ಕೆ ಐದನೇ ಒಂದು ಭಾಗದಂತೆ ಕೊಳ್ಳುವುದು ಯೋಜನೆ.

ಬ್ಯಾಕಪ್: ಮೂರು ಪ್ರತಿ, ಎರಡು ತರಹದ ಮಾಧ್ಯಮ, ಒಂದು ಕಾಲೇಜಿನ ಹೊರಗೆ. ಲೆಕ್ಕಪತ್ರದ ಡೇಟಾವನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದಾಗ ಹಳೆಯ ಬ್ಯಾಕಪ್ ತೆರೆಯಲೇ ಇಲ್ಲ. ಪ್ರೋಗ್ರಾಮ್ ತೆರೆದಿರುವಾಗಲೇ ಫೈಲ್ ಕಾಪಿ ಆಗುತ್ತಿತ್ತು. ಈಗ ರಾತ್ರಿ ಪ್ರೋಗ್ರಾಮ್ ಮುಚ್ಚಿದ ಮೇಲೆ ಕಾಪಿ, ತಿಂಗಳಿಗೊಮ್ಮೆ ತೆರೆದು ನೋಡುವುದು.

ಹಂತ 11: ಈಗ ನಿಂತಿರುವುದು ಎಲ್ಲಿ

ಲ್ಯಾಬಿನಿಂದ ರೂಟರ್‌ಗೆ ಈಗ 941 ಎಂಬಿಪಿಎಸ್. ಹೊರಗಿನ ಲೈನ್ ಅದೇ ಹಳೆಯ 300. ಸ್ಲೋ ಅನ್ನುವ ದೂರು ಪರೀಕ್ಷೆಯ ಅರ್ಜಿ ತುಂಬುವ ದಿನಗಳಲ್ಲಿ ಮಾತ್ರ ಬರುತ್ತದೆ.

ಸಿಕ್ಕಿಹಾಕಿಕೊಂಡಿರುವುದು ದುಡ್ಡಿನಲ್ಲಿ. ಎಲ್ಲ ಚೆನ್ನಾಗಿ ಓಡುತ್ತಿದೆ, ಹಾಗಾದರೆ ಈ ವರ್ಷ ಕಂಪ್ಯೂಟರ್ ಯಾಕೆ ಅಂತ ಕೇಳಿ ಸರದಿಯ ಬದಲಾವಣೆಯ ಬಜೆಟ್ ಅರ್ಧ ಮಾಡಿದರು. ವಾದ ಮಾಡುವ ಬದಲು ಹಾಳೆಯಲ್ಲಿ ಐದು ವರ್ಷದ ಕಾಲಮ್‌ಗಳನ್ನು ತಿದ್ದಿ ಮತ್ತೆ ಕಳಿಸಿದ್ದೇನೆ. ಈ ವರ್ಷ ಬಿಟ್ಟ ಅರ್ಧ, ಬ್ಯಾಟರಿ ಬದಲಿಸಬೇಕಾದ ವರ್ಷದ ಮೇಲೆಯೇ ಹೋಗಿ ಕೂರುತ್ತದೆ, ಫೈರ್‌ವಾಲ್ ಲೈಸೆನ್ಸೂ ಅದೇ ವರ್ಷ ಮುಗಿಯುತ್ತದೆ. ಆ ಕಾಲಮ್‌ನ ಮೊತ್ತ ಈಗಿನದರ ಎರಡು ಪಟ್ಟಿಗಿಂತ ಜಾಸ್ತಿ. ಲೆಕ್ಕಪತ್ರ ವಿಭಾಗ ಬಜೆಟಿನಲ್ಲೇ ಬೇರೆ ನಿಧಿ ತೆರೆದು, ಖರ್ಚಾಗದ ಪಾಲನ್ನು ಮುಂದಿನ ವರ್ಷಕ್ಕೆ ಉಳಿಸಲು ಆಗುತ್ತದಾ ಅಂತ ನೋಡುತ್ತಿದೆ. ಉತ್ತರ ಬಂದಿಲ್ಲ.

ಅಷ್ಟರಲ್ಲಿ ಗ್ರಂಥಾಲಯದ ವೈ-ಫೈಗೆ ಕೊಟೇಶನ್ ಪಟ್ಟಿ ತಯಾರಾಗುತ್ತಿದೆ. ಅದಕ್ಕೆ ಮೊದಲು ಪರೀಕ್ಷೆಯ ಸಮಯದಲ್ಲಿ ಓದುವ ಕೋಣೆಯಲ್ಲಿ ಒಟ್ಟಿಗೆ ಎಷ್ಟು ಜನ ಕೂರುತ್ತಾರೆ ಅಂತ ಗ್ರಂಥಪಾಲಕರು ಎಣಿಸಿ ಕೊಡಬೇಕು.